ಬೀದರ್ ಹಳೆ ಊರಿನ ಲಗ್ನಪತ್ರಿಕೆ ಅಂಗಡಿ: ಮೊದಲು ಕೇಳುತ್ತಾರೆ, ಆಮೇಲೆ ಅಚ್ಚು ಹಾಕುತ್ತಾರೆ

ಮಗಳ ಲಗ್ನ ಮುಗಿದು ಮೂರು ವಾರ ಆಯಿತು. ಬಾಡಿಗೆ ಪಾತ್ರೆ ವಾಪಸ್ ಹೋದವು, ಮಂಗಲ ಕಾರ್ಯಾಲಯದವರ ಲೆಕ್ಕ ಮುಗಿಯಿತು. ಊಟದ ಬಗ್ಗೆ, ಸ್ಟೇಜ್ ಬಗ್ಗೆ, ಫೋಟೊದವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಪತ್ರಿಕೆ ಅಚ್ಚು ಹಾಕಿಕೊಟ್ಟ ಅಂಗಡಿಯ ಬಗ್ಗೆ. ಇಡೀ ಲಗ್ನದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ನೆಮ್ಮದಿ ಕೊಟ್ಟ ಜಾಗ ಅದು.

ಅಂಗಡಿ ಇರುವುದು ಬೀದರಿನ ಹಳೆ ಊರಲ್ಲಿ. ಚೌಬಾರದ ಗೋಪುರದಿಂದ ಮಹಮೂದ್ ಗವಾನ್ ಮದರಸಾ ಕಡೆ ನಡೆಯುವಾಗ ಸಿಗುವ ಓಣಿಯೊಂದರಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನಡೆಸುವವರು ಅರವತ್ತು ದಾಟಿದ ಒಬ್ಬರು. ಮನೆಮಾತು ಮರಾಠಿ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ, ನಾನೂ ಹಾಗೇ ಅಂದೆ. ನಿಮ್ಮ ಅಂಗಡಿ ಬಗ್ಗೆ ಬರೆಯುತ್ತೇನೆ, ಹೆಸರು ಹಾಕಲೇ ಅಂತ ಕೇಳಿದ್ದಕ್ಕೆ, "ಬ್ಯಾಡ್ರಿ ಟೀಚರ್, ಸೀಸನ್‌ನ್ಯಾಗ ಬಂದವರಿಗೇ ಟೈಮ್ ಸಾಲಂಗಿಲ್ಲ" ಅಂದರು. ಅದಕ್ಕೇ ಹೆಸರು ಬಿಟ್ಟಿದ್ದೇನೆ.

ಇಲ್ಲಿಗೆ ಬರುವ ಮೊದಲು ನಾನು ಊರಲ್ಲೇ ಇನ್ನೊಂದು ಪ್ರೆಸ್‌ಗೆ ಹೋಗಿದ್ದೆ. ದೊಡ್ಡ ಅಂಗಡಿ, ಎಸಿ ಇತ್ತು, ಗೋಡೆ ತುಂಬ ಸ್ಯಾಂಪಲ್ ಇದ್ದವು. ಹೆಸರು, ತಾರೀಖು, ಜಾಗ ಬರೆದುಕೊಟ್ಟು ಬಂದೆ. ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಪ್ರೂಫ್ ಬಂತು. ಮೇಲೆ ಗಣಪತಿ. ಅದರ ಕೆಳಗೆ "ಶ್ರೀ ಕುಲದೇವತಾ ಪ್ರಸನ್ನ". ನನ್ನ ಗಂಡನ ಹೆಸರಿನ ಮುಂದೆ "ಕೈಲಾಸವಾಸಿ". ಆಮಂತ್ರಿಸುವವರ ಜಾಗದಲ್ಲಿ ನನ್ನ ಮೈದುನನ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ.

ನಮ್ಮದು ಬೌದ್ಧ ಮನೆ. ನನ್ನ ಗಂಡ ಬಸ್ ಕಂಡಕ್ಟರ್ ಆಗಿದ್ದರು. ಹುಡುಗರಿದ್ದಾಗಲೇ ಗೆಳೆಯರ ಜೊತೆ ನಾಗಪುರಕ್ಕೆ ಹೋಗಿ ದೀಕ್ಷಾಭೂಮಿಯಲ್ಲಿ ದೀಕ್ಷೆ ತಗೊಂಡು ಬಂದವರು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಅದೇ ಜಾಗದಲ್ಲಿ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಹೇಳಿಕೊಟ್ಟರು. ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರನನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಅನ್ನುವುದು. ಮೂರನೆಯದರಲ್ಲಿ ಗೌರಿ, ಗಣಪತಿ ಬರುತ್ತಾರೆ. ನನ್ನ ಗಂಡ ಆ ಮಾತಿನಂತೆ ಬದುಕಿದರು. ಅವರು ತೀರಿಕೊಂಡು ಐದು ವರ್ಷ ಆದ ಮೇಲೆ, ಮಗಳ ಲಗ್ನಪತ್ರಿಕೆಯಲ್ಲಿ ಅವರನ್ನು ಕೈಲಾಸಕ್ಕೆ ಕಳಿಸಿಬಿಟ್ಟಿದ್ದರು.

ತೆಗೆಯಿರಿ ಅಂತ ಹೇಳಲು ಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ತಲೆ ಎತ್ತದೇ, "ಮೇಡಂ, ಎಲ್ಲಾರಿಗೂ ಇದೇ ಫಾರ್ಮ್ಯಾಟ್. ಯಾರ್ ಓದ್ತಾರ್ರಿ ಇದನ್ನ?" ಅಂದ. ನನ್ನ ಹೆಸರಿನ ಬಗ್ಗೆ ಕೇಳಿದರೆ, "ಗಂಡಸರ ಹೆಸರಿದ್ರ ಚಲೋ ಕಾಣಸ್ತದ್ರಿ" ಅಂದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಅದು ನನಗೂ ಗೊತ್ತು. ಆದರೂ ಮೆಟ್ಟಿಲು ಇಳಿಯುವಾಗ ಕಾಲು ನಡುಗುತ್ತಿದ್ದವು. 28 ವರ್ಷ ಶಾಲೆಯಲ್ಲಿ ಪಾಠ ಮಾಡಿ ಈ ಮಗಳನ್ನು ಬೆಳೆಸಿದ್ದೇನೆ. ಅವಳ ಪತ್ರಿಕೆಯಲ್ಲಿ ನಾನಿಲ್ಲ, ಅವಳ ಅಪ್ಪ ಇದ್ದೂ ಇಲ್ಲ. ಅಡ್ವಾನ್ಸ್ ಕೊಟ್ಟಿದ್ದ ಸಾವಿರ ರೂಪಾಯಿ ಹೋದರೆ ಹೋಗಲಿ ಅಂತ ಬಿಟ್ಟೆ. ಕಾಕಾನ ಅಂಗಡಿ ಹೇಳಿದ್ದು ನಮ್ಮ ಶಾಲೆಯ ಅಡುಗೆ ಬಾಯಿ. ಅವರ ತಮ್ಮನ ನಿಕಾಹ್ ಪತ್ರಿಕೆ ಅಲ್ಲೇ ಆಗಿತ್ತು.

ಕಾಕಾ ನನ್ನ ಕೈಯಿಂದ ಚೀಟಿ ತಗೊಳ್ಳಲೇ ಇಲ್ಲ. "ಕೂಡ್ರಿ" ಅಂದರು. ನೀರು ತರಿಸಿದರು. ಪಕ್ಕದ ಕಂಪ್ಯೂಟರ್‌ನಲ್ಲಿದ್ದ ಹುಡುಗಿಗೆ ನೋಟ್‌ಬುಕ್ ತಗೋ ಅಂದರು. ಆಮೇಲೆ ಒಂದೊಂದೇ ಪ್ರಶ್ನೆ. ಮೇಲೆ ಏನು ಬರೀಬೇಕು? ಚಿತ್ರ ಬೇಕಾ, ಬೇಡವಾ? ಬೇಕಾದರೆ ಯಾರದು? ವೇಳೆಗೆ ಮುಹೂರ್ತ ಅನ್ನಬೇಕಾ, ಸುಮ್ನೆ ಸಮಯ ಅನ್ನಬೇಕಾ? ಅಕ್ಷತೆ ಅಂತ ಬರೀಬೇಕಾ, ನಿಮ್ಮಲ್ಲಿ ಹೂವಾ? ನಿಮ್ಮ ಹೆಸರಿನ ಮುಂದೆ ಏನಿರಬೇಕು? ಯಾರು ಕರೀತಿದ್ದಾರೆ, ಯಾರ ಹೆಸರು ಮೊದಲು?

ನಾನು ಬೌದ್ಧರು ಅಂತ ಹೇಳಿದ ಮೇಲೂ ಈ ಎಲ್ಲ ಪ್ರಶ್ನೆ ಕೇಳಿದರು. ನನಗೆ ಸ್ವಲ್ಪ ಆಶ್ಚರ್ಯ ಆಯಿತು. ನಿಮ್ಮಲ್ಲಿ ಬೌದ್ಧರ ಪತ್ರಿಕೆ ಎಷ್ಟೋ ಆಗಿರಬೇಕಲ್ಲ ಕಾಕಾ ಅಂದೆ. "ಆಗ್ಯಾವ್ರಿ. ಆದ್ರ ಮನಿ ಮನಿಗೆ ಬ್ಯಾರೆ ಇರ್ತದ. ಒಬ್ಬರು ಮ್ಯಾಲ ಜೈ ಭೀಮ್ ಬೇಕಂತಾರ, ಇನ್ನೊಬ್ಬರು ನಮೋ ತಸ್ಸ ಅಂತಾರ. ಬುದ್ಧ, ಬಸವಣ್ಣ, ಬಾಬಾಸಾಹೇಬ್ ಮೂವರನ್ನೂ ಹಾಕಸ್ತಾರ ಕೆಲವ್ರು. ನಾ ಹ್ಯಾಂಗ್ ಹೇಳ್ಲಿ?"

ನಾವು ಬುದ್ಧ ಮತ್ತು ಬಾಬಾಸಾಹೇಬರ ಸಣ್ಣ ಚಿತ್ರ, ಅದರ ಕೆಳಗೆ "ನಮೋ ತಸ್ಸ ಭಗವತೋ ಅರಹತೋ ಸಮ್ಮಾ ಸಂಬುದ್ಧಸ್ಸ", ಶಿರೋನಾಮೆಗೆ "ಮಂಗಲ ಪರಿಣಯ" ಇಟ್ಟೆವು. ಸಮಯ ಮಧ್ಯಾಹ್ನ 12.30. ಮುಹೂರ್ತದ ಮಾತು ಇಲ್ಲ. ಎಲ್ಲರಿಗೂ ರಜೆ ಸಿಗಲಿ ಅಂತ ಭಾನುವಾರ ಇಟ್ಟಿದ್ದೆವು, ಅಷ್ಟೇ.

ಆಮೇಲೆ ನನ್ನ ಗಂಡನ ಹೆಸರು ಬಂತು. ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ಸಣ್ಣದು ಮಾಡಿ, "ಸಾಹೇಬರ ಹೆಸರಿನ ಮುಂದ ಕಾಲಕಥಿತ ಅಂತ ಹಾಕ್ಲ್ಯಾ, ಇಲ್ಲಾ ನಿಮ್ಮಲ್ಲಿ ಬ್ಯಾರೆ ಏನರ ಅಂತಾರಾ?" ಅಂದರು.

ಕಾಲಕಥಿತ ಅನ್ನುವುದು ಮರಾಠಿ ಸೀಮೆಯ ಬೌದ್ಧರು ತೀರಿಕೊಂಡವರ ಹೆಸರಿನ ಮುಂದೆ ಬರೆಯುವ ಪದ. ಗಡಿಯಲ್ಲಿರುವ ನಮ್ಮಲ್ಲೂ ಕೆಲವರು ಬರೆಯುತ್ತಾರೆ. ಆ ಪದವನ್ನು ನಮ್ಮ ಜನ ಅಲ್ಲದ ಒಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೂಂ ಅನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾಕಾ ಕಾದರು. ಆ ಹುಡುಗಿ ಕೂಡ ಪೆನ್ ಹಿಡಿದು ಸುಮ್ಮನೆ ಕೂತಿದ್ದಳು.

ಈ ಒಂದು ಪದದ ಬಗ್ಗೆ ಆಮೇಲೆ ತುಂಬ ಯೋಚನೆ ಮಾಡಿದೆ. ಲಿಂಗಾಯತರಲ್ಲಿ ಲಿಂಗೈಕ್ಯರಾದರು ಅನ್ನುತ್ತೇವೆ. ಮುಸಲ್ಮಾನರು ಮರ್ಹೂಮ್ ಅಂತ ಬರೆಯುತ್ತಾರೆ. ಮರಾಠರ ಪತ್ರಿಕೆಯಲ್ಲಿ "ಕೈ.", ಅಂದರೆ ಕೈಲಾಸವಾಸಿ, ಇರುತ್ತದೆ. ನಮ್ಮ ಬೀದರಿನಲ್ಲಿ ಮೆಥೋಡಿಸ್ಟ್ ಕ್ರೈಸ್ತರ ಮನೆಗಳು ಬಹಳ ಇವೆ. ಅವರು ಪ್ರಭುವಿನಲ್ಲಿ ನಿದ್ರಿಸಿದರು ಅನ್ನುತ್ತಾರೆ. ಸತ್ತವರು ಎಲ್ಲಿಗೆ ಹೋದರು ಅನ್ನುವುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ ಇದೆ. ಎಲ್ಲರಿಗೂ ಒಂದೇ ಪದ ಹಾಕಿದರೆ ಸಮಾನವಾಗಿ ಕಂಡಂತೆ ಆಗಲ್ಲ. ಯಾವುದೋ ಒಂದು ಮನೆಯ ಉತ್ತರವನ್ನು ಉಳಿದವರ ಬಾಯಿಗೆ ತುರುಕಿದಂತೆ ಆಗುತ್ತದೆ. "ಎಲ್ಲಾರಿಗೂ ಇದೇ ಫಾರ್ಮ್ಯಾಟ್" ಅಂದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಇನ್ನೊಂದು ಸಣ್ಣ ಸಂಗತಿ. ನಮ್ಮ ಬೀಗರು ಉದಗೀರಿನವರು, ಲಾತೂರ್ ಜಿಲ್ಲೆ, ಮನೆಯಲ್ಲಿ ಮರಾಠಿ. ಹಾಗಾಗಿ ಪತ್ರಿಕೆ ಒಂದು ಬದಿ ಕನ್ನಡ, ಒಂದು ಬದಿ ಮರಾಠಿ. ಮರಾಠಿ ಪತ್ರಿಕೆಗಳಲ್ಲಿ ಗಂಡ ಇದ್ದವರಿಗೆ "ಸೌ." ಬರುತ್ತದೆ, ಗಂಡ ಇಲ್ಲದವರಿಗೆ "ಶ್ರೀಮತಿ". ಹೆಸರಿನ ಮುಂದಿನ ಆ ಅಕ್ಷರ ನೋಡಿದರೆ ಸಾಕು, ಓದಿದವರಿಗೆ ಗೊತ್ತಾಗಿಬಿಡುತ್ತದೆ. ಕಾಕಾ ಅದನ್ನು ಬಿಡಿಸಿ ಹೇಳಿ, ನಿಮಗೆ ಹೇಗೆ ಬೇಕೋ ಹಾಗೆ ಅಂದರು. ನಾನು ಬೀಗಿತಿಗೆ ಫೋನ್ ಮಾಡಿದೆ. ಅವರೇ, "ಇಬ್ಬರಿಗೂ ಆಯುಷ್ಮತಿ ಅಂತ ಹಾಕಿಸಿ ತಾಯಿ" ಅಂದರು. ಇಬ್ಬರು ತಾಯಂದಿರಿಗೂ ಒಂದೇ ಪದ. ಕರೆಯುವವರ ಜಾಗದಲ್ಲಿ ನನ್ನ ಹೆಸರು ಮೊದಲು, ಮೈದುನನದು ಎರಡನೆಯದು. ಮೈದುನ ಪ್ರೂಫ್ ನೋಡಿ, "ಹಿಂಗೇ ಇರಬೇಕಿತ್ತು ವೈನಿ" ಅಂದ.

ಈಗ ಆ ರಿಜಿಸ್ಟರ್ ಬಗ್ಗೆ ಹೇಳಬೇಕು. ಹಳೆ ಲೆಕ್ಕದ ಪುಸ್ತಕದಂಥ ಮೂರು ದಪ್ಪ ರಿಜಿಸ್ಟರ್ ಅಂಗಡಿಯಲ್ಲಿವೆ. ಕೆಂಪು ಬಟ್ಟೆಯ ರಟ್ಟು, ಅಂಚು ಸವೆದು ನೂಲು ಎದ್ದಿದೆ. ಕಾಕಾ ಅಚ್ಚು ಹಾಕಿದ ಪ್ರತಿ ಪತ್ರಿಕೆಯ ಒಂದು ಪ್ರತಿಯನ್ನು ಅದರಲ್ಲಿ ಅಂಟಿಸುತ್ತಾರೆ. ಹಳೆಯವು ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದವು. ಬೆರಳಾಡಿಸಿದರೆ ಅಕ್ಷರದ ಹಳ್ಳ ಕೈಗೆ ಸಿಗುತ್ತದೆ. ಜಾತಿವಾರು ಭಾಗ ಮಾಡಿಲ್ಲ, ಬಂದ ದಿನದ ಲೆಕ್ಕದಲ್ಲಿ ಅಂಟಿಸಿದ್ದಾರೆ. ಹಾಗಾಗಿ ಒಂದೇ ಪುಟದಲ್ಲಿ "ಓಂ ಶ್ರೀ ಗುರುಬಸವಲಿಂಗಾಯ ನಮಃ" ಇದೆ, ಅದರ ಪಕ್ಕ 786 ಇದೆ. ಮುಂದಿನ ಪುಟದಲ್ಲಿ ಔರಾದ್ ಕಡೆಯ ಒಂದು ಲಂಬಾಣಿ ತಾಂಡಾದ ಪತ್ರಿಕೆ, ಮೇಲೆ "ಜೈ ಸೇವಾಲಾಲ್", ಕೆಳಗೆ ತಾಂಡಾದ ನಾಯಕ, ಕಾರಭಾರಿ ಹೆಸರು. ಅವರಿಲ್ಲದೆ ಅಲ್ಲಿ ಲಗ್ನ ನಡೆಯಲ್ಲ, ಪತ್ರಿಕೆಯಲ್ಲೂ ಇರಲೇಬೇಕು. ಅದರ ಕೆಳಗೆ ತುಳಜಾಭವಾನಿ ಪ್ರಸನ್ನ. ಇನ್ನೊಂದು ಕಡೆ ಇಕ್ ಓಂಕಾರ್, ಆನಂದ್ ಕಾರಜ್ ಅಂತ ಕನ್ನಡದಲ್ಲಿ ಬರೆದ ಪತ್ರಿಕೆ. ಸಿಖ್ಖರ ಗುರುದ್ವಾರ ನಾನಕ್ ಝೀರಾ ಇರುವ ಊರಲ್ಲವಾ ನಮ್ಮದು. ಗುರು ಗೋವಿಂದ ಸಿಂಗರ ಪಂಜ್ ಪ್ಯಾರೇ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕರ ಮನೆಯವರು ಅಂತ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ.

ಲಿಂಗಾಯತರ ಪತ್ರಿಕೆಯಲ್ಲೂ ಒಂದೇ ಬಗೆ ಇಲ್ಲ. ಕೆಲವು ಮನೆಯವರು ಬಸವಣ್ಣನವರ ಹೆಸರು ಬರೆಸುತ್ತಾರೆ, ಕೆಲವರು ಪಂಚಾಚಾರ್ಯರ ಹೆಸರು. ಎರಡೂ ಬರೆಸುವವರಿದ್ದಾರೆ. "ಅದನ್ನ ಅಂತೂ ಕೇಳದೇ ಹಾಕಬಾರದ್ರಿ" ಅಂದರು ಕಾಕಾ.

ಒಂದು ಪುಟದಲ್ಲಿ ತುಂಬ ಸಣ್ಣ ಪತ್ರಿಕೆ ಇತ್ತು. ಮೇಲೆ ಯಾವ ದೇವರೂ ಇಲ್ಲ. ತಂದೆ ತಾಯಿ ಹೆಸರಿಲ್ಲ, ಊರಿಲ್ಲ. ಎರಡೇ ಹೆಸರು, ಅವುಗಳ ಕೆಳಗೆ "ನಾವಿಬ್ಬರೂ ನಿಮ್ಮನ್ನು ಕರೆಯುತ್ತಿದ್ದೇವೆ" ಅಂತ ಒಂದು ಸಾಲು. ನಾನು ಓದುವುದರೊಳಗೆ ಕಾಕಾ ಹೆಸರಿನ ಮೇಲೆ ಅಂಗೈ ಇಟ್ಟರು. "ಇಬ್ಬರ ಮನಿಯವರೂ ಒಪ್ಪಿರ್ಲಿಲ್ರಿ. 50 ಪತ್ರಿಕೆ ಮಾಡಿಸಿದ್ರು" ಅಂದರು. ಅಷ್ಟೇ ಹೇಳಿ ಪುಟ ತಿರುವಿದರು. ನನಗೆ ಹರಳಯ್ಯ ನೆನಪಾದರು. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನ ಆಯಿತು. ಅದಕ್ಕಾಗಿ ಆ ಇಬ್ಬರು ತಂದೆಯರ ಪ್ರಾಣ ತೆಗೆದರು. ಕಲ್ಯಾಣವೇ ಚದುರಿಹೋಯಿತು. ಎಂಟು ನೂರು ವರ್ಷ ಕಳೆದಿದೆ. ಹೆಸರಿನ ಮೇಲೆ ಅಂಗೈ ಇಡಬೇಕಾದ ಪತ್ರಿಕೆ ಇನ್ನೂ ಅಚ್ಚಾಗುತ್ತಿದೆ.

ಕಂಪ್ಯೂಟರ್‌ನಲ್ಲಿ ಕೂರುವ ಹುಡುಗಿ ಉರ್ದು ಮೀಡಿಯಂನಲ್ಲಿ ಓದಿದವಳು. ಕನ್ನಡಕ್ಕೆ ನುಡಿ ಸಾಫ್ಟ್‌ವೇರ್, ಉರ್ದುವಿಗೆ ಇನ್‌ಪೇಜ್, ಎಲ್ಲವನ್ನೂ ಕೋರಲ್‌ಡ್ರಾದಲ್ಲಿ ಜೋಡಿಸುತ್ತಾಳೆ. ಉರ್ದು ಪತ್ರಿಕೆ ಬಲದಿಂದ ತೆರೆಯಬೇಕು, ಹಾಗಾಗಿ ಮಡಿಕೆಯೇ ಉಲ್ಟಾ ಅಂತ ತೋರಿಸಿದಳು. ಕನ್ನಡ ಪತ್ರಿಕೆಯ ಕಾರ್ಡನ್ನೇ ತಗೊಂಡು ಉರ್ದು ಹಾಕಿದರೆ ಹಿಂದಿನ ಪುಟ ಮುಂದೆ ಬರುತ್ತದಂತೆ. ಬಿಸ್ಮಿಲ್ಲಾ ಬದಲು 786 ಏಕೆ ಅಂತ ನಾನು ಕೇಳಿದೆ. ಇಷ್ಟು ವರ್ಷ ಬೀದರಿನಲ್ಲಿದ್ದೂ ಕೇಳಿರಲಿಲ್ಲ. "ಲಗ್ನ ಆದ್ ಮ್ಯಾಲ ಪತ್ರಿಕೆ ಎಲ್ಲೆಲ್ಲೋ ಬೀಳ್ತದ ಟೀಚರ್, ಅಲ್ಲಾನ ಹೆಸರು ಕಾಲಾಗ ಬರಬಾರ್ದಂತ" ಅಂದಳು. ಎಲ್ಲರೂ ಹಾಗೆ ಮಾಡಲ್ಲ, 786 ಬೇಡ ಅನ್ನುವವರೂ ಇದ್ದಾರೆ ಅಂತಲೂ ಸೇರಿಸಿದಳು. ಬಾಬಾಸಾಹೇಬರ ಚಿತ್ರ ಇರುವ ಪತ್ರಿಕೆ ದಾರಿಯಲ್ಲಿ ಬಿದ್ದಿದ್ದು ಕಂಡರೆ ನನಗೂ ಹಾಗೇ ಆಗುತ್ತದೆ, ಎತ್ತಿ ಚೀಲದಲ್ಲಿ ಹಾಕಿಕೊಳ್ಳುತ್ತೇನೆ. ಅದನ್ನು ಅವಳಿಗೆ ಹೇಳಿದೆ. ಅವಳು ಎದ್ದು ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದಳು. ಒಂದು ಗೋಣಿಚೀಲ. ಅಚ್ಚು ಕೆಟ್ಟ ಪತ್ರಿಕೆಗಳೆಲ್ಲ ಅದರಲ್ಲಿ. ಯಾವ ಹೆಸರೂ ಕಸದ ಗಾಡಿಗೆ ಹೋಗಬಾರದು ಅಂತ ಕಾಕಾನ ಕಟ್ಟಪ್ಪಣೆ. ತುಂಬಿದ ಮೇಲೆ ಅವರ ಹೊಲದಲ್ಲಿ ಗುಂಡಿ ತೋಡಿ ಹೂಳುತ್ತಾರಂತೆ.

ನಮ್ಮ ಅತ್ತೆಯ ವಿಷಯ ಬರೆಯದಿದ್ದರೆ ಸರಿಯಾಗಲ್ಲ. ಅವರಿಗೆ ಎಂಬತ್ತರ ಮೇಲೆ. ಮಗ ದೀಕ್ಷೆ ತಗೊಂಡರೂ ಅವರು ಊರಿನ ಮರಗಮ್ಮನನ್ನು ಬಿಟ್ಟಿಲ್ಲ. ಮಗ ಇದ್ದಾಗಲೂ ಅಷ್ಟೇ, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಈ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಪತ್ರಿಕೆಗೆ ಅರಿಶಿನ ಹಚ್ಚದೆ ಮೊದಲ ಪತ್ರಿಕೆ ದೇವಿಯ ಮುಂದೆ ಇಡುವುದು ಹೇಗೆ ಅಂತ ಅವರಿಗೆ ಚಿಂತೆ ಹತ್ತಿತ್ತು. ಮಗಳು ಅರಿಶಿನ ಬೇಡ ಅಂದಿದ್ದಳು. ನಾನು ನಡುವೆ ಸಿಕ್ಕಿದ್ದೆ. ಕೊನೆಯ ಪ್ರೂಫ್ ದಿನ ಕಾಕಾ ತಾವಾಗಿಯೇ ಕೇಳಿದರು: "ಮನ್ಯಾಗ ಹಿರೇರು ಅದಾರೇನ್ರಿ? ಅವ್ರಿಗೇನರ ಬೇಕಾ?" ನಾನು ವಿಷಯ ಹೇಳಿದೆ. 400ರಲ್ಲಿ 25ಕ್ಕೆ ಮೂಲೆಗೆ ಅರಿಶಿನ ಹಚ್ಚಿ ಬೇರೆ ಕಟ್ಟು ಕಟ್ಟಿಕೊಡುತ್ತೇನೆ, ಅತ್ತೆಯವರ ಕೈಗೆ ಕೊಡಿ, ಅವರು ಎಲ್ಲಿ ಬೇಕೋ ಅಲ್ಲಿ ಕೊಡಲಿ ಅಂದರು. ಮಗಳೂ ಒಪ್ಪಿದಳು. ಅತ್ತೆ ಆ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಿಗೆ ಹೋದರು.

ಕೊರತೆ ಹೇಳದೇ ಇದ್ದರೆ ಓದುವವರಿಗೆ ಉಪಯೋಗ ಇಲ್ಲ. ಹೇಳಿದ ದಿನಕ್ಕಿಂತ ನಾಲ್ಕು ದಿನ ತಡವಾಯಿತು. ಒಂದು ಇಡೀ ದಿನ ಕರೆಂಟ್ ಇರಲಿಲ್ಲ, ಉಳಿದ ಮೂರು ದಿನ ಮೊದಲು ಒಪ್ಪಿಕೊಂಡ ಕೆಲಸ ಜಾಸ್ತಿ ಆಗಿದ್ದರಿಂದ. ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿದ್ದವರಿಗೆ ಕಷ್ಟ. ನಾನು ಮೊಬೈಲ್‌ನಲ್ಲಿ ಕಳಿಸಿದ ಬರಹ ನುಡಿಗೆ ಹಾಕುವಾಗ ಒಡೆದು, ತ್ರಿಶರಣದ "ತ್ರಿ" ಮೂರು ತುಂಡಾಗಿತ್ತು. ಮರಾಠಿ ಪುಟದಲ್ಲಿ ನನ್ನ ತವರು ಹಳ್ಳಿಖೇಡದ ಳ ಹೋಗಿ ಲ ಕೂತಿತ್ತು. ಎರಡನ್ನೂ ಪ್ರೂಫ್‌ನಲ್ಲೇ ಹಿಡಿದೆ. ಆದ್ದರಿಂದ ಪ್ರೂಫ್ ಅನ್ನು ಕಾಗದದ ಮೇಲೆ ಕೇಳಿ ತಗೊಂಡು, ಕೂತು ಓದಿ, ಆಮೇಲೆ ಸಹಿ ಮಾಡಿ. ಸಹಿ ಆದ ಮೇಲೆ ತಪ್ಪು ಸಿಕ್ಕರೆ ಖರ್ಚು ನಮ್ಮದೇ, ಕಾಕಾ ಅದರಲ್ಲಿ ಬಿಗಿ.

ಒಂದು ಕೊರತೆ ಮಾತ್ರ ನನಗೆ ಮನಸ್ಸಿಗೆ ಹತ್ತಿತು. ಬೌದ್ಧರಿಗೆ ಅಂತ ಅವರ ಹತ್ತಿರ ಇದ್ದ ರೆಡಿಮೇಡ್ ಕಾರ್ಡ್ ಮೂರೇ ನಮೂನೆ, ಮೂರೂ ನೀಲಿ. ನೀಲಿ ನಮ್ಮ ಬಾವುಟದ ಬಣ್ಣ, ಪ್ರೀತಿಯ ಬಣ್ಣ, ನಿಜ. ಆದರೆ ನನ್ನ ಮಗಳಿಗೆ ತಿಳಿಹಳದಿ ಬೇಕಿತ್ತು. ಬೇರೆಯವರಿಗೆ ಇಪ್ಪತ್ತು ಬಣ್ಣ ಇರುವಾಗ ನಮಗೆ ಒಂದೇ ಏಕೆ ಅಂತ ಅವಳೇ ಕಾಕಾನನ್ನು ಕೇಳಿದಳು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಖರೇ ಅದ ಬೇಟಿ. ಅದನ್ನ ನಾ ಕೇಳಿರ್ಲಿಲ್ಲ" ಅಂದರು. ಹೈದರಾಬಾದಿನ ಛತ್ತಾ ಬಜಾರ್‌ಗೆ ಫೋನ್ ಮಾಡಿ ತಿಳಿಹಳದಿ ಕಾರ್ಡ್ ತರಿಸಿದರು. ಲಗ್ನಪತ್ರಿಕೆಗೆ ಆ ಬಜಾರ್ ಹೆಸರುವಾಸಿ, ನಮ್ಮ ಕಡೆಯ ಎಷ್ಟೋ ಜನ ನೇರ ಅಲ್ಲಿಗೇ ಹೋಗಿ ಮಾಡಿಸುತ್ತಾರೆ. ನಮ್ಮ ಲೆಕ್ಕಕ್ಕೆ ಕಾರ್ಡ್‌ಗೆ ಎರಡು ರೂಪಾಯಿ ಜಾಸ್ತಿ ಆಯಿತು.

ಒಟ್ಟು ಖರ್ಚು: ಕವರ್ ಸೇರಿ ಕಾರ್ಡ್‌ಗೆ 19 ರೂಪಾಯಿ, 400ಕ್ಕೆ 7,600. ಎರಡು ಭಾಷೆಯ ಟೈಪಿಂಗ್‌ಗೆ ಬೇರೆ ದುಡ್ಡಿಲ್ಲ. ಎಸಿ ಇದ್ದ ಆ ಪ್ರೆಸ್‌ನಲ್ಲಿ ಇದಕ್ಕಿಂತ ಕಡಿಮೆ ಹೇಳಿದ್ದರು, ಅದನ್ನೂ ಬರೆದುಬಿಡುತ್ತೇನೆ. ಹೋಗುವಾಗ ಹುಡುಗ ಹುಡುಗಿ ಇಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಒಯ್ಯಿರಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿದೆ ಅಂತ ನೋಡದೆ ಕಾಕಾ ಪತ್ರಿಕೆ ಅಚ್ಚು ಹಾಕಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರತಿಯನ್ನು ಗೋಡೆಗೆ ಅಂಟಿಸಿದ್ದಾರೆ. ಯಾರ ಮನೆಯ ಪದ್ಧತಿ ಏನೇ ಇರಲಿ, ಇದೊಂದರಲ್ಲಿ ಅವರು ಯಾರನ್ನೂ ಏನೂ ಕೇಳಲ್ಲ. ಶಾಲೆ ಬಿಡಿಸಿ ಲಗ್ನ ಮಾಡಿಬಿಟ್ಟ ಎಷ್ಟೋ ಹುಡುಗಿಯರನ್ನು ನೋಡಿರುವ ನನಗೆ ಆ ಗೋಡೆ ತುಂಬ ಹಿಡಿಸಿತು.

ಪತ್ರಿಕೆ ತರಲು ಹೋದ ದಿನ ಕಾಕಾ ಒಂದು ಪ್ರತಿ ಎತ್ತಿ ಹಿಡಿದು, ರಿಜಿಸ್ಟರ್‌ನಲ್ಲಿ ಅಂಟಿಸಲೇ ಅಂತ ಕೇಳಿದರು. ಬೇಡ ಅನ್ನುವವರೂ ಇರುತ್ತಾರಂತೆ. ನಾನು ಅಂಟಿಸಿ ಅಂದೆ. ಹುಡುಗಿ ಅಂಟು ಹಚ್ಚಿ, ಭಾಲ್ಕಿಯವರ ಒಂದು ನಿಕಾಹ್ ಪತ್ರಿಕೆಯ ಪಕ್ಕ ಇಟ್ಟು ಅಂಗೈಯಿಂದ ಒತ್ತಿದಳು. ಕಾಕಾ ಪೆನ್ಸಿಲ್ ತಗೊಂಡು ಮೂಲೆಯಲ್ಲಿ ಸಣ್ಣಗೆ ಬರೆದರು: "ಕನ್ನಡ, ಮರಾಠಿ. 400. ತಿಳಿಹಳದಿ. ಅರಿಶಿನ 25, ಅಜ್ಜಿಗೆ."